ಮನಾಂಗ್‌ವರೆಗೆ ಜೀಪು ಬೇಡ: ಅನ್ನಪೂರ್ಣ ಸುತ್ತಿಗೆ ಹೊರಡುವವರಿಗೆ

ದಸರೆ ಹತ್ತಿರ ಬಂತೆಂದರೆ ಪರಿಚಯದವರಿಂದ ನನಗೆ ಬರುವ ಪ್ರಶ್ನೆ ಒಂದೇ. ‘ಹತ್ತು ದಿನ ರಜೆ ಹೊಂದಿಸಿದ್ದೇವೆ. ಅನ್ನಪೂರ್ಣ ಸರ್ಕ್ಯೂಟ್ ಮುಗಿಸಬಹುದಾ?’ ಮುಗಿಸಬಹುದು ಎನ್ನುವ ಏಜೆಂಟರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಮಾತ್ರ ಬೇಡ ಎನ್ನುತ್ತೇನೆ. ಕಳೆದ ಸಲ ಥೊರಾಂಗ್ ಫೇದಿಯ ವಸತಿಮನೆಯಲ್ಲಿ ಬೆಂಗಳೂರಿನ ಇಬ್ಬರು ಹುಡುಗರು ಒಲೆಯ ಪಕ್ಕ ತಲೆ ಹಿಡಿದುಕೊಂಡು ಕೂತಿದ್ದರು. ತಟ್ಟೆಯಲ್ಲಿದ್ದ ಅನ್ನ ಹಾಗೇ ಆರಿತ್ತು. ಇಬ್ಬರೂ ಗಟ್ಟಿಗರು, ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರು. ಅವರು ಮಾಡಿದ ತಪ್ಪು ಒಂದೇ: ಬೇಸಿಸಹರ್‌ನಲ್ಲಿ ಜೀಪು ಹತ್ತಿ ಒಂದೇ ದಿನಕ್ಕೆ ಮನಾಂಗ್‌ನಲ್ಲಿ ಇಳಿದಿದ್ದರು. ಈ ತಪ್ಪನ್ನು ನಮ್ಮವರು ಮತ್ತೆ ಮತ್ತೆ ಮಾಡುತ್ತಿದ್ದಾರೆ. ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಎರಡು ಮಾತು. ನೇಪಾಳದ ನಡುಭಾಗದಲ್ಲಿರುವ ಅನ್ನಪೂರ್ಣ ಪರ್ವತಸಾಲನ್ನು ಸುತ್ತುವ ದಾರಿ ಇದು. ಪೂರ್ವದಲ್ಲಿ ಮರ್ಸ್ಯಾಂಗ್ದಿ ನದಿಯ ಜೊತೆ ಮೇಲೇರಿ, 5,416 ಮೀಟರ್ ಎತ್ತರದ ಥೊರಾಂಗ್ ಲಾ ಎಂಬ ಕಣಿವೆದಾರಿ ದಾಟಿ, ಪಶ್ಚಿಮದ ಕಾಳಿ ಗಂಡಕಿಯ ಕಣಿವೆಗೆ ಇಳಿಯಬೇಕು. ನಮ್ಮ ದೇವರಮನೆಗಳ ಸಾಲಿಗ್ರಾಮ ಬರುವುದು ಅದೇ ಗಂಡಕಿಯಿಂದ. ಇಳಿದ ಕೂಡಲೇ ಸಿಗುವ ಮುಕ್ತಿನಾಥ, ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು.

ಮೊದಲು ಕಾಗದಪತ್ರ

ನೇಪಾಳಕ್ಕೆ ವೀಸಾ ಬೇಡ. ಹಾಗೆಂದು ಆಧಾರ್ ಕಾರ್ಡ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು. ಎರಡೂ ಇದ್ದರೆ ಪಾಸ್‌ಪೋರ್ಟನ್ನೇ ಒಯ್ಯಿರಿ, ದಾರಿಯ ಚೆಕ್‌ಪೋಸ್ಟ್‌ಗಳಲ್ಲೂ ಅದರಿಂದ ಕೆಲಸ ಸುಲಭ.

ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿಗೆ ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ, ಉಳಿದ ವಿದೇಶಿಯರಿಗೆ 3,000. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60 ಎಂಬ ಲೆಕ್ಕ ಗಟ್ಟಿಯಾಗಿ ನಿಂತಿದೆ, ಅದರಂತೆ ಹಿಡಿದುಕೊಳ್ಳಿ. 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರು ಪರವಾನಗಿಯುಳ್ಳ ಗೈಡ್ ಜೊತೆಗೇ ಹೋಗಬೇಕೆಂಬ ನಿಯಮ ಬಂದಿದೆ. ‘ಯಾರೂ ಕೇಳುವುದಿಲ್ಲ ಬಿಡಿ’ ಎಂದು ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿ. ನಿಯಮ ಇಲ್ಲದಿದ್ದರೂ ನಾನು ಗೈಡ್ ಇಟ್ಟುಕೊಳ್ಳುತ್ತಿದ್ದೆ. ತಲೆ ಮಂಕಾದಾಗ ನಿಮ್ಮ ಪರವಾಗಿ ಯೋಚಿಸುವ ಒಬ್ಬ ಮನುಷ್ಯ ಜೊತೆಗಿರಬೇಕು. ಗೈಡ್‌ಗೂ ಹೊರೆಯಾಳಿಗೂ ವಿಮೆ ಇದೆಯೇ ಎಂದು ಕೇಳಿಯೇ ಒಪ್ಪಿಕೊಳ್ಳಿ. ಹೊರೆಯಾಳಿನ ಬೆನ್ನಿಗೆ ಇಪ್ಪತ್ತು ಕಿಲೋಗಿಂತ ಹೆಚ್ಚು ಹೇರಬೇಡಿ. ಅವನಿಗೂ ಬೆಚ್ಚನೆಯ ಜಾಕೆಟ್, ಕೈಗವಸು ಇವೆಯೇ ಎಂದು ಹೊರಡುವ ಹಿಂದಿನ ದಿನವೇ ಕಣ್ಣಾರೆ ನೋಡಿ.

ನಿಮ್ಮ ಪ್ರಯಾಣ ವಿಮೆಯ ಸಣ್ಣಕ್ಷರಗಳನ್ನೂ ಓದಿ. ಬಹಳಷ್ಟು ಪಾಲಿಸಿಗಳು ಒಂದು ಎತ್ತರದ ಮೇಲೆ ನಡೆದದ್ದಕ್ಕೆ ಹಣ ಕೊಡುವುದಿಲ್ಲ. ‘6,000 ಮೀಟರ್‌ವರೆಗೆ ಚಾರಣ, ಹೆಲಿಕಾಪ್ಟರ್ ರಕ್ಷಣೆ ಸೇರಿ’ ಎಂದು ಸ್ಪಷ್ಟವಾಗಿ ಬರೆದಿರಬೇಕು.

ಯಾವಾಗ?

ಅಕ್ಟೋಬರ್ ಮೊದಲ ವಾರ ಕಳೆದ ಮೇಲೆ, ನವೆಂಬರ್ ಮಧ್ಯದೊಳಗೆ. ಮುಂಗಾರು ಹಿಂದೆ ಸರಿದು ಆಕಾಶ ತೊಳೆದಿಟ್ಟಂತೆ ಇರುತ್ತದೆ. ಮೇಲಿನ ಊರುಗಳಲ್ಲಿ ಫಾಪರ್ ಎಂಬ ಧಾನ್ಯದ ಕೊಯ್ಲು, ಭ್ರಾತಾಂಗ್‌ನಲ್ಲಿ ಸೇಬಿನ ಕಾಲ. ಆದರೆ ನಮ್ಮ ದಸರೆಯೇ ಅವರ ದಶೈಂ, ನಮ್ಮ ದೀಪಾವಳಿಯೇ ಅವರ ತಿಹಾರ್. ದಶೈಂ ಮುನ್ನಾ ದಿನಗಳಲ್ಲಿ ಕಠ್ಮಂಡುವೇ ಊರಿಗೆ ಹೊರಟು ನಿಂತಿರುತ್ತದೆ. ಬಸ್ಸಿನಲ್ಲಿ ಸೀಟಿರುವುದಿಲ್ಲ, ಒಳ್ಳೆಯ ಗೈಡ್‌ಗಳು ಮನೆಗೆ ಹೋಗಿರುತ್ತಾರೆ. ಹೋಗಲೂಬೇಕಲ್ಲವೇ, ಅವರ ದೊಡ್ಡ ಹಬ್ಬ. ವಿಜಯದಶಮಿ ಕಳೆದ ನಾಲ್ಕೈದು ದಿನಕ್ಕೆ ಕಠ್ಮಂಡು ತಲುಪುವ ಹಾಗೆ ಟಿಕೆಟ್ ಮಾಡಿಸಿ.

ಇನ್ನೊಂದು ವಿಷಯವಿದೆ, ಇದನ್ನು ಯಾವ ಏಜೆಂಟನೂ ನಿಮಗೆ ಹೇಳಿರುವುದಿಲ್ಲ. ಶರತ್ಕಾಲ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲವೂ ಹೌದು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅದರಲ್ಲಿ ಉಳಿದ ತೇವವೆಲ್ಲ ಉತ್ತರಕ್ಕೆ ಸರಿದು, ಎರಡೇ ದಿನದಲ್ಲಿ ಥೊರಾಂಗ್ ಲಾದ ಮೇಲೆ ಹಿಮವಾಗಿ ಸುರಿಯಿತು. ಅನ್ನಪೂರ್ಣ ಮತ್ತು ಧವಳಗಿರಿ ಭಾಗದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ನೇಪಾಳಿಗಳು, ಭಾರತೀಯರು, ದೂರದೇಶದವರು ಎಲ್ಲರೂ ಇದ್ದರು. ಎಷ್ಟೋ ಜನ ಮೋಡ ಕಟ್ಟಿದ್ದನ್ನು ಕಂಡೂ ಬೆಟ್ಟ ಹತ್ತಿದ್ದರು. ಮನಾಂಗ್‌ನಲ್ಲಿರುವಾಗ ಆಂಧ್ರ, ಒಡಿಶಾ ಕರಾವಳಿಯ ಸುದ್ದಿ ಕೇಳಿ. ಚಂಡಮಾರುತ ತೀರಕ್ಕೆ ಬರುತ್ತಿದೆ ಎಂದರೆ ಕೂತಲ್ಲೇ ಕೂತಿರಿ.

ತಯಾರಿ, ಸಾಮಾನು

ಮೂರು ತಿಂಗಳು ಮೆಟ್ಟಿಲು ಹತ್ತಿಳಿಯಿರಿ, ಇಳಿಯುವುದಕ್ಕೇ ಹೆಚ್ಚು ಗಮನ ಕೊಡಿ. ಶೂ ಹಳೆಯದಾಗಿರಲಿ. ಬೆನ್ನಿನ ಚೀಲ ನೀರು ಸೇರಿ ಹತ್ತು ಕಿಲೋ ದಾಟಬಾರದು. ಹತ್ತಿಯ ಬನಿಯನ್ನು, ಜೀನ್ಸು ಮನೆಯಲ್ಲೇ ಇರಲಿ. ಒಮ್ಮೆ ಬೆವರಿಗೆ ನೆನೆದರೆ ಆ ಥಂಡಿಯಲ್ಲಿ ಅವು ಒಣಗುವುದಿಲ್ಲ. ದಪ್ಪ ಜಾಕೆಟ್, ಮಲಗುವ ಚೀಲಗಳು ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಸಿಗುತ್ತವೆ, ಕೊಳ್ಳುವ ಖರ್ಚು ದಂಡ. ನಗದು ಹಣವನ್ನು ಪೂರ್ತಿ ಕೆಳಗೇ ತೆಗೆದುಕೊಳ್ಳಿ, ಮೇಲಿನ ಎಟಿಎಂ ನಂಬಬೇಡಿ. ಒಂದು ಡಬ್ಬಿ ಚಟ್ನಿಪುಡಿ ಇರಲಿ. ಎತ್ತರದಲ್ಲಿ ಮೊದಲು ಸಾಯುವುದು ಬಾಯಿರುಚಿ. ಊಟ ಬಿಟ್ಟವನು ಮರುದಿನ ನಡೆಯಲಾರ.

ಜೀಪಿನ ಕತೆ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಲೇಖನದ ಬೇರೆ ಯಾವುದನ್ನು ಬಿಟ್ಟರೂ ಪರವಾಗಿಲ್ಲ, ಇದನ್ನು ಎರಡು ಸಲ ಓದಿ.

ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಕುಮಾರ ಪರ್ವತ 1,712. ಗಾಳಿ ತೆಳುವಾದದ್ದು ಮೈಗೆ ನಾಟಲು ಶುರುವಾಗುವುದು 2,500 ಮೀಟರ್‌ನ ಆಸುಪಾಸಿನಲ್ಲಿ. ಅಂದರೆ ನಮ್ಮ ರಾಜ್ಯದ ಎಲ್ಲ ಬೆಟ್ಟಗಳನ್ನು ಹತ್ತಿ ಮುಗಿಸಿದ ಚಾರಣಿಗನಿಗೂ ಎತ್ತರದ ಅನುಭವ ಎಳ್ಳಷ್ಟೂ ಆಗಿರುವುದಿಲ್ಲ. ಅವನ ಕಾಲು ಗಟ್ಟಿ, ಉಸಿರು ಗಟ್ಟಿ, ಛಲ ಗಟ್ಟಿ. ಎತ್ತರಕ್ಕೆ ಇವು ಯಾವುವೂ ಲೆಕ್ಕಕ್ಕಿಲ್ಲ. ಎತ್ತರದ ಕಾಯಿಲೆ ಓಟಗಾರನಿಗೂ ಬರುತ್ತದೆ, ಬೊಜ್ಜಿನವನಿಗೂ ಬರುತ್ತದೆ. ಗಟ್ಟಿಗನಿಗೆ ಅಪಾಯ ಒಂದು ಕೈ ಹೆಚ್ಚೇ, ಏಕೆಂದರೆ ಅವನು ಬೇಗ ನಡೆಯಬಲ್ಲ, ನೋವು ನುಂಗಬಲ್ಲ.

ಬೇಸಿಸಹರ್ ಇರುವುದು 760 ಮೀಟರ್‌ನಲ್ಲಿ. ಮನಾಂಗ್ 3,540. ಒರಟು ರಸ್ತೆಯೊಂದು ಈಗ ಅಲ್ಲಿಯವರೆಗೂ ಹೋಗಿದೆ. ಮುಂಜಾನೆ ಜೀಪು ಹತ್ತಿದರೆ ಸಂಜೆಯೊಳಗೆ 2,800 ಮೀಟರ್‌ನಷ್ಟು ಮೇಲೇರಿರುತ್ತೀರಿ. ನಾಲ್ಕೈದು ದಿನದ ನಡಿಗೆ ಉಳಿಯಿತೆಂದು ಖುಷಿ. ಆ ಸಂಜೆ ಏನೂ ಆಗುವುದಿಲ್ಲ, ಮೋಸ ಇರುವುದೇ ಅಲ್ಲಿ. ಚಹಾ ಕುಡಿದು, ಗಂಗಾಪೂರ್ಣದ ಹಿಮನದಿಯ ಫೋಟೊ ತೆಗೆದು, ‘ನೋಡಿ, ನಮಗೇನೂ ಆಗಲಿಲ್ಲ’ ಎಂದು ಮನೆಗೆ ಫೋನ್ ಮಾಡುತ್ತೀರಿ. ತಲೆನೋವು ಶುರುವಾಗುವುದು ಆರು ಗಂಟೆಯೋ ಹನ್ನೆರಡು ಗಂಟೆಯೋ ಕಳೆದ ಮೇಲೆ, ಸಾಮಾನ್ಯವಾಗಿ ಮೊದಲ ಅಥವಾ ಎರಡನೆಯ ರಾತ್ರಿ. ಅಷ್ಟರಲ್ಲಿ ಅವಸರದವರು ಇನ್ನೂ ಮೇಲಕ್ಕೆ ಹೊರಟಿರುತ್ತಾರೆ.

ದೇಹ ಮಾಡುವುದಿಷ್ಟು. ಆಮ್ಲಜನಕ ಕಡಿಮೆಯಾದಾಗ ಉಸಿರಾಟ ಜೋರಾಗುತ್ತದೆ. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರವಾಗುತ್ತದೆ. ಆಗ ಮಿದುಳು ‘ಸಾಕು, ನಿಧಾನ’ ಎಂದು ಉಸಿರಿಗೆ ಕಡಿವಾಣ ಹಾಕುತ್ತದೆ, ಅದರಲ್ಲೂ ನಿದ್ದೆಯಲ್ಲಿ. ಆ ಕ್ಷಾರವನ್ನು ಮೂತ್ರಪಿಂಡಗಳು ಸೋಸಿ ಹೊರಹಾಕಬೇಕು, ಅದಕ್ಕೆ ದಿನಗಳು ಬೇಕು. ಮೂತ್ರಪಿಂಡಕ್ಕೆ ನಿಮ್ಮ ರಜೆಯ ಲೆಕ್ಕ ಗೊತ್ತಿಲ್ಲ. ಡಯಾಮಾಕ್ಸ್ ಎಂಬ ಮಾತ್ರೆ ಈ ಸೋಸುವ ಕೆಲಸಕ್ಕೇ ವೇಗ ಕೊಡುತ್ತದೆ. ಅದು ನೆರವು, ರಕ್ಷಾಕವಚವಲ್ಲ. ಸಲ್ಫಾ ಔಷಧಗಳ ಅಲರ್ಜಿ ಇರುವವರು ಮುಟ್ಟುವ ಮುನ್ನ ವೈದ್ಯರನ್ನು ಕೇಳಲೇಬೇಕು. ಉಳಿದವರೂ ಊರಿನಲ್ಲೇ ವೈದ್ಯರಿಂದ ಪ್ರಮಾಣ ಬರೆಸಿಕೊಂಡು, ಒಂದೆರಡು ದಿನ ತಿಂದು ನೋಡಿ ಹೊರಡಿ. ಬೆರಳ ತುದಿ ಜುಮ್ಮೆನ್ನುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಹೆದರಬೇಡಿ. ಬೆಳ್ಳುಳ್ಳಿ ಸೂಪ್ ಕುಡಿದರೆ ಎತ್ತರ ತಾಗುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಾರೆ. ಬಿಸಿಯಾಗಿದೆ, ರುಚಿಯಾಗಿದೆ, ಕುಡಿಯಿರಿ. ಅದನ್ನು ಔಷಧ ಎಂದು ನಂಬಬೇಡಿ.

ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ ಇಂದು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರ್‌ಗಿಂತ ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಊರಿನಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಹಗಲಿನಲ್ಲಿ ಎಷ್ಟು ಎತ್ತರಕ್ಕೆ ಹೋಗಿ ಬಂದರೂ ಸರಿ, ಲೆಕ್ಕಕ್ಕೆ ಬರುವುದು ತಲೆ ಇಟ್ಟು ಮಲಗಿದ ಜಾಗ.

ಹಾಗಾದರೆ ಹೀಗೆ ನಡೆಯಿರಿ

ಕಠ್ಮಂಡುವಿನಿಂದ ಬಸ್ಸಿನಲ್ಲಿ ಬೇಸಿಸಹರ್. ಮರುದಿನ ಜೀಪು ಧಾರಾಪಾನಿವರೆಗೆ ಸಾಕು, ಅದು 1,900 ಮೀಟರ್‌ನ ಆಸುಪಾಸು. ಕೆಳಗಿನ ದಾರಿಯಲ್ಲಿ ರಸ್ತೆಯ ದೂಳೇ ಹೆಚ್ಚು, ಅಷ್ಟನ್ನು ಜೀಪಿನಲ್ಲಿ ಕಳೆದರೆ ನಷ್ಟವಿಲ್ಲ. ಅಲ್ಲಿಂದ ನಡಿಗೆ. ಮೊದಲ ರಾತ್ರಿ ಚಾಮೆ, 2,670. ಎರಡನೆಯ ರಾತ್ರಿ ಮೇಲಿನ ಪಿಸಾಂಗ್, 3,300. ಕೆಳಗಿನ ಪಿಸಾಂಗ್‌ನಲ್ಲಿ ಉಳಿಯಬೇಡಿ. ಮರುದಿನದ ಒಳ್ಳೆಯ ದಾರಿ ಹೊರಡುವುದು ಮೇಲಿನ ಊರಿನಿಂದ.

ಪಿಸಾಂಗ್‌ನಿಂದ ಮನಾಂಗ್‌ಗೆ ಹೊಳೆಯ ಪಕ್ಕ ರಸ್ತೆಯಲ್ಲಿ ಸಲೀಸಾಗಿ ಹೋಗಬಹುದು. ಹೋಗಬೇಡಿ. ಬಲಕ್ಕೆ ಬೆಟ್ಟ ಹತ್ತಿ ಘ್ಯಾರು, ನವಲ್ ಎಂಬ ಊರುಗಳ ಮೇಲೆ ಹಾಯ್ದು ಹೋಗಿ. ಘ್ಯಾರುವಿನ ಏರು ಒಂದೂವರೆ ಗಂಟೆ ಬೆವರಿಳಿಸುತ್ತದೆ. ಹತ್ತಿ ನಿಂತರೆ ಎದುರಿಗೇ ಅನ್ನಪೂರ್ಣ ಎರಡನೆಯ ಶಿಖರ, ನಡುವೆ ಬರೀ ಒಂದು ಕಣಿವೆ. ಕಲ್ಲಿನ ಮನೆಗಳ ಸಾಲು, ಮಾಡಿನ ಮೇಲೆ ಒಣಹಾಕಿದ ಹುಲ್ಲು, ಕೋಲಿನ ತುದಿಯಲ್ಲಿ ಪ್ರಾರ್ಥನೆಯ ಬಾವುಟ. ಇಡೀ ಸುತ್ತಿನಲ್ಲಿ ನಾನು ಹೆಚ್ಚು ಹೊತ್ತು ಕೂತಿರುವುದು ಅಲ್ಲಿಯೇ. ಎರಡೂ ಊರುಗಳು 3,660 ಮೀಟರ್‌ನ ಮೇಲಿವೆ, ಆ ರಾತ್ರಿ ನವಲ್‌ನಲ್ಲಿ ಮಲಗಿದರೆ ಮರುದಿನ ಮನಾಂಗ್‌ಗೆ ಇಳಿದ ಹಾಗೆ. ದೇಹಕ್ಕೆ ಇದಕ್ಕಿಂತ ಒಳ್ಳೆಯ ಉಪಕಾರ ಬೇರೆ ಇಲ್ಲ. ದಾರಿಯ ಕಲ್ಲು, ಮರಗಳ ಮೇಲೆ ಕೆಂಪು-ಬಿಳಿ ಪಟ್ಟೆ ಬಳಿದಿರುತ್ತದೆ. ಅದು ರಸ್ತೆ ಬಿಟ್ಟ ಕಾಲುದಾರಿಯ ಗುರುತು. ಅಕ್ಕಪಕ್ಕದ ಜಾಗಗಳಿಗೆ ಹೋಗುವ ಕವಲುದಾರಿಗೆ ನೀಲಿ-ಬಿಳಿ.

ಮನಾಂಗ್‌ನಲ್ಲಿ ಮೂರು ರಾತ್ರಿ, ಕಡಿಮೆ ಮಾಡಬೇಡಿ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾಲಯ ಅಲ್ಲಿದೆ. ಋತುವಿನಲ್ಲಿ ಮಧ್ಯಾಹ್ನದ ಹೊತ್ತು ಅಲ್ಲಿನ ವೈದ್ಯರು ಎತ್ತರದ ಕಾಯಿಲೆಯ ಬಗ್ಗೆ ಚಾರಣಿಗರಿಗೆ ಪಾಠ ಹೇಳುತ್ತಾರೆ. ಹೋಗಿ ಕೂತು ಕೇಳಿ, ಪ್ರಶ್ನೆ ಕೇಳಿ. ವಿಶ್ರಾಂತಿ ಎಂದರೆ ಹಾಸಿಗೆಯಲ್ಲಿ ಬಿದ್ದಿರುವುದಲ್ಲ. ಒಂದು ದಿನ ಗಂಗಾಪೂರ್ಣ ಸರೋವರದ ಮೇಲಿನ ದಿಬ್ಬಕ್ಕೆ ನಡೆಯಿರಿ. ಇನ್ನೊಂದು ದಿನ ಮೈ ಹಗುರಾಗಿದ್ದರೆ 4,600 ಮೀಟರ್‌ನ ಹಿಮ ಸರೋವರಕ್ಕೆ ಹೋಗಿ ಬನ್ನಿ.

ನಾಲ್ಕನೆಯ ಬೆಳಿಗ್ಗೆ ಯಾಕ್ ಖರ್ಕಾ, 4,050. ಮೂರು ಗಂಟೆಯ ನಡಿಗೆ, ಮಧ್ಯಾಹ್ನವೇ ತಲುಪುತ್ತೀರಿ. ‘ಇಷ್ಟು ಬೇಗ ಯಾಕೆ ನಿಲ್ಲಬೇಕು’ ಅನ್ನಿಸುತ್ತದೆ. ನಿಲ್ಲಿ. ಮರುದಿನ ಥೊರಾಂಗ್ ಫೇದಿ, 4,450. ಇನ್ನೂ ಮೇಲೆ 4,880ರ ಆಸುಪಾಸಿನಲ್ಲಿ ಹೈ ಕ್ಯಾಂಪ್ ಇದೆ. ಅಲ್ಲಿ ಮಲಗಿದರೆ ಮರುದಿನದ ಏರು ಕಡಿಮೆ ಎಂದು ಆಸೆ ತೋರಿಸುತ್ತಾರೆ. ನಿದ್ದೆ ಬರದ ರಾತ್ರಿಯೊಂದನ್ನು ಕಳೆದು 5,416ಕ್ಕೆ ಹತ್ತುವುದಕ್ಕಿಂತ ಫೇದಿಯಲ್ಲಿ ಮಲಗಿ ಒಂದು ಗಂಟೆ ಮೊದಲೇ ಏಳುವುದು ನನಗೆ ಸರಿ ಕಾಣುತ್ತದೆ.

ಕುಡಿಯುವ ನೀರು ದಿನಕ್ಕೆ ಮೂರು ನಾಲ್ಕು ಲೀಟರ್, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು. ಊಟಕ್ಕೆ ದಾಲ್ ಭಾತ್, ಕೇಳಿದಷ್ಟು ಸಲ ಬಡಿಸುತ್ತಾರೆ. ಉಳಿದುಕೊಂಡ ಮನೆಯಲ್ಲೇ ಊಟ ಮಾಡುವುದು ಅಲ್ಲಿನ ಮರ್ಯಾದೆ. ಕೋಣೆಯ ಬಾಡಿಗೆ ಅಗ್ಗ, ಅವರ ಸಂಪಾದನೆ ಅಡುಗೆಮನೆಯಿಂದಲೇ. ಮದ್ಯ, ನಿದ್ದೆಮಾತ್ರೆ ಎರಡೂ ಬೇಡ.

ತಾಗಿದರೆ

ನೇಪಾಳಿಗಳು ಇದಕ್ಕೆ ‘ಲೇಖ್ ಲಾಗ್ಯೋ’ ಎನ್ನುತ್ತಾರೆ, ಎತ್ತರ ತಾಗಿತು ಎಂದು. ತಲೆನೋವಿನ ಜೊತೆ ಹೊಟ್ಟೆ ತೊಳಸುವುದು, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಅದು ಎತ್ತರವೇ ಎಂದುಕೊಳ್ಳಿ. ಗ್ಯಾಸು, ಬಿಸಿಲು, ನಿದ್ದೆಗೇಡು ಎಂದು ಕಾರಣ ಹುಡುಕಬೇಡಿ. ಅಂದು ಒಂದು ಹೆಜ್ಜೆಯೂ ಮೇಲೇರಬಾರದು. ಕಡಿಮೆಯಾಗದಿದ್ದರೆ ಇಳಿಯಬೇಕು.

ಸಂಜೆ ಊಟಕ್ಕೆ ಮುನ್ನ ತಂಡದಲ್ಲಿ ಎಲ್ಲರೂ ಒಂದು ಪರೀಕ್ಷೆ ಮಾಡಿ. ನೆಲದ ಮೇಲೆ ನೇರ ಗೆರೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ಹತ್ತು ಹೆಜ್ಜೆ. ತೂರಾಡಿದವನ ಮಿದುಳಿನಲ್ಲಿ ನೀರು ತುಂಬುತ್ತಿದೆ ಎಂದೇ ತಿಳಿಯಿರಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ. ಇವೆರಡರಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಟಾರ್ಚ್ ಹಿಡಿದು, ಜೊತೆಗೆ ಜನ ಕರೆದುಕೊಂಡು ಆ ರಾತ್ರಿಯೇ ಇಳಿಸಬೇಕು, ಒಬ್ಬನನ್ನೇ ಕಳಿಸಬಾರದು. ಐದುನೂರು, ಸಾವಿರ ಮೀಟರ್ ಇಳಿದರೆ ಜೀವ ಬರುತ್ತದೆ.

ಫೇದಿಯಲ್ಲಿ ಕುದುರೆಯವರು ಬಾಗಿಲಲ್ಲೇ ನಿಂತಿರುತ್ತಾರೆ. ದಣಿದವರನ್ನು ಕೂರಿಸಿಕೊಂಡು ಥೊರಾಂಗ್ ಲಾ ಮುಟ್ಟಿಸುತ್ತಾರೆ. ಕಾಯಿಲೆ ಬಿದ್ದವರನ್ನು ಕುದುರೆಯ ಮೇಲೆ ಕೂರಿಸಿ ಮೇಲಕ್ಕೆ ಒಯ್ಯುವುದನ್ನು ಕಣ್ಣಾರೆ ಕಂಡಿದ್ದೇನೆ. ಮೇಲೆ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಕುದುರೆ ಏರಿದರೆ ಕಾಲಿಗೆ ವಿಶ್ರಾಂತಿ, ಮಿದುಳಿಗೆ ಇಲ್ಲ. ಆ ಇಬ್ಬರು ಹುಡುಗರೂ ಕುದುರೆಗೆ ದರ ಕೇಳುತ್ತಿದ್ದರು. ನಮ್ಮ ಗೈಡ್ ಪಕ್ಕದಲ್ಲಿ ಕೂತು, ‘ಭಾಯಿ, ಬೆಟ್ಟ ಮುಂದಿನ ವರ್ಷವೂ ಇಲ್ಲೇ ಇರುತ್ತದೆ’ ಎಂದು ಹಿಂದಿಯಲ್ಲಿ ಒಪ್ಪಿಸಿ ಕೆಳಗಿಳಿಸಿದ. ಮನಾಂಗ್ ಮುಟ್ಟುವಷ್ಟರಲ್ಲಿ ಇಬ್ಬರಿಗೂ ಹಸಿವಾಗಿತ್ತು.

ದಾಟುವ ದಿನ

ನಸುಕಿನ ನಾಲ್ಕು ಗಂಟೆಗೆ ಹೊರಡಿ. ಹತ್ತು ಗಂಟೆಯ ಮೇಲೆ ಗಾಳಿ ಎದ್ದು ನಿಲ್ಲಗೊಡುವುದಿಲ್ಲ. ನೀರಿನ ಬಾಟಲಿ ತಲೆಕೆಳಗಾಗಿ ಇಟ್ಟುಕೊಳ್ಳಿ, ಮುಚ್ಚಳದ ಬಳಿ ಹೆಪ್ಪುಗಟ್ಟುವುದಿಲ್ಲ. ಫೋನು, ಬ್ಯಾಟರಿಗಳನ್ನು ರಾತ್ರಿ ಮಲಗುವ ಚೀಲದೊಳಗೇ ಇಟ್ಟುಕೊಂಡಿರಿ. ‘ಬಿಸ್ತಾರೈ, ಬಿಸ್ತಾರೈ’ ಎನ್ನುತ್ತಾರೆ ಗೈಡ್‌ಗಳು, ನಿಧಾನ, ನಿಧಾನ ಎಂದು. ಮಾತಾಡುತ್ತ ನಡೆಯಲು ಆಗುವಷ್ಟೇ ವೇಗ ಇರಲಿ. ಮೇಲೆ ಹದಿನೈದು ನಿಮಿಷ ಸಾಕು. ಅಲ್ಲಿಂದ ಮುಕ್ತಿನಾಥಕ್ಕೆ ಸುಮಾರು 1,600 ಮೀಟರ್ ಇಳಿತ, ಮಂಡಿಯ ಪಾಲಿಗೆ ಹತ್ತಿದ್ದಕ್ಕಿಂತ ಕಷ್ಟ. ಊರುಗೋಲು ಎರಡೂ ಬೇಕು.

ಮುಕ್ತಿನಾಥದಲ್ಲಿ 108 ಧಾರೆಗಳ ಕೆಳಗೆ ಹಾಯುವ ಆಸೆಯಿದ್ದರೆ ಅದೇ ಸಂಜೆ ಬೇಡ, ಮರುದಿನ ಬಿಸಿಲೇರಿದ ಮೇಲೆ. ಅಪ್ಪ ಅಮ್ಮನನ್ನು ಪೋಖರಾದಿಂದ ಜೀಪಿನಲ್ಲಿ ನೇರವಾಗಿ ಇಲ್ಲಿಗೆ ಕರೆಸುವವರಿಗೂ ಮೇಲಿನ ಮಾತೆಲ್ಲ ಅನ್ವಯ. ದೇವಸ್ಥಾನ 3,700 ಮೀಟರ್‌ಗೂ ಮೇಲಿದೆ. ಅವರು ದಾರಿಯಲ್ಲಿ ಜೋಮ್ಸೋಮ್‌ನಲ್ಲಿ ಒಂದು ರಾತ್ರಿ ಉಳಿದು, ದರ್ಶನ ಮುಗಿಸಿ ಅಂದೇ ಕೆಳಗಿಳಿಯಲಿ.

ಜೋಮ್ಸೋಮ್‌ನಿಂದ ಪೋಖರಾಕ್ಕೆ ವಿಮಾನ ಇಪ್ಪತ್ತು ನಿಮಿಷ. ಮಧ್ಯಾಹ್ನ ಕಣಿವೆಯಲ್ಲಿ ಗಾಳಿ ಬೀಸುವುದರಿಂದ ಬೆಳಿಗ್ಗೆ ಮಾತ್ರ ಹಾರುತ್ತದೆ, ಮೋಡವಿದ್ದರೆ ಅದೂ ರದ್ದು. ಬೆಂಗಳೂರಿನ ಟಿಕೆಟ್‌ಗೂ ಇದಕ್ಕೂ ನಡುವೆ ಎರಡು ದಿನ ಖಾಲಿ ಬಿಡಿ. ಎಲ್ಲ ಸೇರಿ ಹದಿನೇಳು, ಹದಿನೆಂಟು ದಿನ ಬೇಕು. ಅಷ್ಟು ರಜೆ ಸಿಗದಿದ್ದರೆ ಈ ವರ್ಷ ಪೋಖರಾದಿಂದ ಘೋರೇಪಾನಿಗೆ ಹೋಗಿ 3,210 ಮೀಟರ್‌ನ ಪೂನ್ ಹಿಲ್ ಹತ್ತಿ ಬನ್ನಿ. ಅದಕ್ಕೆ ನಾಲ್ಕೈದು ದಿನ ಸಾಕು.